ಬೆನ್ನು ಬಿದ್ದವರಿಗೆ ದಾರಿ ಸಿಗುವುದು ಎಲ್ಲಿಂದ?

ಪ್ರಶ್ನೆ: ಸಂಬಂಧ ಮುರಿದು ಆರು ತಿಂಗಳಾಯಿತು. ಅವನ ನಂಬರನ್ನು ಎಲ್ಲ ಕಡೆ ಬ್ಲಾಕ್ ಮಾಡಿದ್ದೇನೆ. ಆದರೂ ನಾನು ಎಲ್ಲಿಗೆ ಹೋದೆ, ಯಾರಿಗೆ ಏನು ಮೆಸೇಜ್ ಮಾಡಿದೆ ಎಂಬುದೆಲ್ಲ ಅವನಿಗೆ ಗೊತ್ತಾಗುತ್ತಿದೆ. ಫೋನ್ ಹ್ಯಾಕ್ ಆಗಿದೆಯೇ? ಫಾರ್ಮ್ಯಾಟ್ ಮಾಡಿಸಿಬಿಡಲೇ?

ಉತ್ತರ: ಫಾರ್ಮ್ಯಾಟ್ ಸದ್ಯಕ್ಕೆ ಬೇಡ. ಫೋನಿನಲ್ಲಿ ಬೇಹುಗಾರಿಕೆ ಆ್ಯಪ್ ಇದ್ದರೆ ಅದೇ ನಿಮ್ಮ ಸಾಕ್ಷ್ಯ, ಅಳಿಸಿದರೆ ಹೋಯಿತು. ಅವನು ನೋಡುತ್ತಿರುವುದು ನಿಮ್ಮ ಖಾತೆಯ ಮೂಲಕವಾದರೆ ಫಾರ್ಮ್ಯಾಟ್‌ನಿಂದ ಏನೂ ಬದಲಾಗುವುದಿಲ್ಲ. ಅದೇ ಖಾತೆಗೆ ಮತ್ತೆ ಲಾಗಿನ್ ಆದ ಕೂಡಲೇ ಎಲ್ಲ ಮೊದಲಿನಂತೆಯೇ ನಡೆಯುತ್ತದೆ.

ಜೊತೆಯಲ್ಲಿದ್ದವರಿಗೆ ಹ್ಯಾಕಿಂಗ್ ವಿದ್ಯೆಯೇನೂ ಬೇಕಿಲ್ಲ. ನಿಮ್ಮ ಪಿನ್ ಗೊತ್ತಿರುತ್ತದೆ, ಪಾಸ್‌ವರ್ಡ್ ಊಹಿಸಬಲ್ಲರು. ಎಂದೋ ಒಮ್ಮೆ ನೀವೇ ಅವರ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಿ ಮರೆತಿರುತ್ತೀರಿ. ಬ್ಲಾಕ್ ಮಾಡಿದರೆ ಅವರ ಕರೆ ನಿಲ್ಲುತ್ತದೆ, ಖಾತೆಯೊಳಗೆ ಕೂತವರು ಎದ್ದು ಹೋಗುವುದಿಲ್ಲ.

ಕೆಲಸವನ್ನು ಅವನ ಕೈ ಎಂದೂ ತಾಗಿರದ ಬೇರೊಂದು ಸಾಧನದಿಂದ ಶುರುಮಾಡಿ. ನಂಬಿಕಸ್ಥ ಗೆಳತಿಯ ಕಂಪ್ಯೂಟರ್ ಆದರೂ ಸರಿ. ಈಗಿರುವ ಫೋನಿನಲ್ಲಿ ಬೇಹುಗಾರಿಕೆ ಆ್ಯಪ್ ಇದ್ದರೆ ಹೊಸ ಪಾಸ್‌ವರ್ಡನ್ನು ಅದರಲ್ಲೇ ಟೈಪ್ ಮಾಡುವುದೆಂದರೆ ಹೊಸ ಬೀಗದ ಕೀಲಿಯನ್ನೂ ಅವನ ಕೈಗೇ ಕೊಟ್ಟಂತೆ. ಮೊದಲ ಸರದಿ ಇಮೇಲ್‌ನದು, ಏಕೆಂದರೆ ಉಳಿದ ಖಾತೆಗಳ ‘ಪಾಸ್‌ವರ್ಡ್ ಮರೆತಿದ್ದೇನೆ’ ಲಿಂಕುಗಳೆಲ್ಲ ಬಂದು ಬೀಳುವುದು ಅಲ್ಲಿಗೇ. ಪಾಸ್‌ವರ್ಡ್ ಬದಲಿಸಿ, ರಿಕವರಿ ಇಮೇಲ್ ಮತ್ತು ರಿಕವರಿ ಫೋನ್ ನಂಬರ್ ಯಾರದಿದೆ ನೋಡಿ. ‘ನಿಮ್ಮ ಸಾಧನಗಳು’ ಪಟ್ಟಿಯಲ್ಲಿ ಗುರುತಿಲ್ಲದ್ದನ್ನು ಹೊರಹಾಕಿ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ದೃಢೀಕರಣ ಹಾಕಿ.

ಹೆಚ್ಚಿನವರು ನೋಡದೇ ಬಿಡುವ ಜಾಗವೊಂದಿದೆ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ಫಾರ್ವರ್ಡಿಂಗ್’ ಮತ್ತು ‘ಫಿಲ್ಟರ್ಸ್’ ತೆರೆಯಿರಿ. ಬರುವ ಪ್ರತಿ ಮೇಲ್‌ನ ಪ್ರತಿಯನ್ನು ಇನ್ನೊಂದು ವಿಳಾಸಕ್ಕೆ ಕಳಿಸುವ ನಿಯಮ ಅಲ್ಲಿದ್ದರೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಆ ನಿಯಮ ಹಾಗೇ ಇರುತ್ತದೆ.

ಮುಂದಿನದು ವಾಟ್ಸಾಪ್. ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿ. ಒಂದು ಖಾತೆಗೆ 4 ಬೇರೆ ಸಾಧನಗಳನ್ನು ಜೋಡಿಸಬಹುದು, ನಿಮ್ಮ ಫೋನ್ ಆಫ್ ಇದ್ದರೂ ಅಲ್ಲಿ ಮೆಸೇಜು ಬರುತ್ತಿರುತ್ತದೆ. 14 ದಿನ ಫೋನಿನಲ್ಲಿ ವಾಟ್ಸಾಪ್ ತೆರೆಯದಿದ್ದರೆ ಅವು ಲಾಗ್‌ಔಟ್ ಆಗುತ್ತವೆ, ಆದರೆ ದಿನಕ್ಕೆ ನೂರು ಸಲ ತೆರೆಯುವ ನಮಗೆ ಆ ರಕ್ಷಣೆ ಇದ್ದೂ ಇಲ್ಲದಂತೆ. 6 ಅಂಕಿಯ ಎರಡು ಹಂತದ ಪಿನ್ ಹಾಕಿದ್ದೇನೆ ಎಂದು ನಿಶ್ಚಿಂತೆಯಿಂದಿರಬೇಡಿ. ಆ ಪಿನ್ ತಡೆಯುವುದು ನಿಮ್ಮ ನಂಬರನ್ನು ಬೇರೆ ಫೋನಿನಲ್ಲಿ ಹೊಸದಾಗಿ ನೋಂದಾಯಿಸುವುದನ್ನು. ಆಗಲೇ ಜೋಡಿಸಿಕೊಂಡ ಕಂಪ್ಯೂಟರನ್ನು ನೀವೇ ಕೈಯಾರೆ ತೆಗೆಯಬೇಕು.

ನೀವು ಎಲ್ಲಿದ್ದೀರಿ ಎಂಬುದು ಸೋರುವ ಜಾಗ ಬೇರೆ. ಗೂಗಲ್ ಮ್ಯಾಪ್ಸ್‌ನ ‘ಲೊಕೇಶನ್ ಶೇರಿಂಗ್’ನಲ್ಲಿ ಯಾರ ಹೆಸರಿದೆ ನೋಡಿ. ವಾಟ್ಸಾಪ್‌ನ ಲೈವ್ ಲೊಕೇಶನ್ ಹೆಚ್ಚೆಂದರೆ 8 ಗಂಟೆಗೆ ಮುಗಿಯುತ್ತದೆ. ಮ್ಯಾಪ್ಸ್‌ನಲ್ಲಿ ‘ನಾನೇ ನಿಲ್ಲಿಸುವ ತನಕ’ ಎಂದು ಹಂಚಿದ್ದರೆ ವರ್ಷ ಕಳೆದರೂ ನಡೆಯುತ್ತಲೇ ಇರುತ್ತದೆ. ಐಫೋನ್ ಆದರೆ ಐಒಎಸ್ 16ರಿಂದ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯೊಳಗೆ ‘ಸೇಫ್ಟಿ ಚೆಕ್’ ಇದೆ. ಯಾರೊಂದಿಗೆ ಏನು ಹಂಚಿದ್ದೀರಿ ಎಂಬುದನ್ನು ಒಂದೊಂದಾಗಿ ತೋರಿಸುತ್ತದೆ, ತುರ್ತಾದರೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುತ್ತದೆ.

ಇಷ್ಟಾದ ಮೇಲೂ ಅವನಿಗೆ ಸುದ್ದಿ ಹೋಗುತ್ತಿದ್ದರೆ ಆಗ ಆ್ಯಪ್ ಹುಡುಕಿ. ಆಂಡ್ರಾಯ್ಡ್‌ನಲ್ಲಿ ಐಕಾನ್ ಬಚ್ಚಿಡಬಹುದು, ಅನುಮತಿಗಳನ್ನು ಬಚ್ಚಿಡುವುದು ಕಷ್ಟ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಸೆಸಿಬಿಲಿಟಿ’, ‘ಡಿವೈಸ್ ಅಡ್ಮಿನ್’, ‘ನೋಟಿಫಿಕೇಶನ್ ಆ್ಯಕ್ಸೆಸ್’ ಈ ಮೂರರಲ್ಲಿ ಯಾವ ಆ್ಯಪ್ ಕೂತಿದೆ ನೋಡಿ. ‘ಸಿಸ್ಟಮ್ ಸರ್ವಿಸ್’, ‘ಸಿಂಕ್’ ಅಂತ ಸಾಧು ಹೆಸರಿಟ್ಟುಕೊಂಡು ಸ್ಕ್ರೀನ್ ಓದುವ ಅನುಮತಿ ಪಡೆದದ್ದು ಕಂಡರೆ ಅನುಮಾನಿಸಿ. ಹಾನಿಕರ ಆ್ಯಪ್‌ಗಳನ್ನು ಪತ್ತೆಹಚ್ಚುವ ಗೂಗಲ್‌ನ ‘ಪ್ಲೇ ಪ್ರೊಟೆಕ್ಟ್’ ಆಫ್ ಆಗಿದ್ದು, ಆಫ್ ಮಾಡಿದ್ದು ನೀವಲ್ಲವಾದರೆ ಅದೂ ಒಂದು ಸುಳಿವು.

ಒಂದು ಮಾತು ಮಾತ್ರ ಮರೆಯಬೇಡಿ. ಎಲ್ಲ ದಾರಿಯನ್ನೂ ಒಂದೇ ಗಳಿಗೆಯಲ್ಲಿ ಮುಚ್ಚಿದರೆ ಆ ಕಡೆಯವನಿಗೆ ಕೂಡಲೇ ತಿಳಿಯುತ್ತದೆ. ಕೈಮಾಡುವ ಸ್ವಭಾವದವನಾದರೆ ಮೊದಲು ನೀವು ಸುರಕ್ಷಿತ ಜಾಗದಲ್ಲಿರಿ, ನಿಮ್ಮವರೊಬ್ಬರಿಗೆ ವಿಷಯ ಹೇಳಿರಿ, ಪೊಲೀಸರಿಗೆ ತೋರಿಸಬೇಕಾದ್ದನ್ನು ತೆಗೆದಿಟ್ಟುಕೊಳ್ಳಿ. ಬೀಗ ಹಾಕುವುದು ಅದಾದ ಮೇಲೆ.

ಪ್ರಶ್ನೆ: ಒಂದು ಫೇಕ್ ಅಕೌಂಟ್ ಬ್ಲಾಕ್ ಮಾಡಿದರೆ ಮರುದಿನ ಇನ್ನೊಂದು ಬರುತ್ತದೆ. ಅಸಹ್ಯದ ಮೆಸೇಜು ಕಂಡ ಕೂಡಲೇ ಡಿಲೀಟ್ ಮಾಡುತ್ತೇನೆ. ಇದು ಸರಿಯೇ?

ಉತ್ತರ: ಡಿಲೀಟ್ ಮಾಡಬೇಡಿ. ಓದಲು ಹೇಸಿಗೆಯಾದರೆ ಬೇರೆಯವರಿಂದ ತೆಗೆಸಿಡಿ. ಬರೀ ಮೆಸೇಜಿನ ಸ್ಕ್ರೀನ್‌ಶಾಟ್ ಸಾಲದು. ಪ್ರೊಫೈಲ್ ಪುಟ ತೆರೆದು ಅದರ ಪೂರ್ತಿ ಲಿಂಕನ್ನು ನಕಲಿಸಿಡಿ. ಹೆಸರು, ಫೋಟೊ ಯಾವಾಗ ಬೇಕಾದರೂ ಬದಲಾಗುತ್ತವೆ, ನಿಮ್ಮ ಚಿತ್ರದಲ್ಲಿರುವ ಹೆಸರಿನ ಖಾತೆಯೇ ನಾಳೆ ಹುಡುಕಿದರೆ ಸಿಗದು. ದಿನಾಂಕ, ಸಮಯ, ಖಾತೆಯ ಲಿಂಕ್, ಏನಾಯಿತು ಎಂದು ಒಂದು ಸಾಲು, ಹೀಗೆ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಒಂದೊಂದೇ ನೋಡಿದರೆ ಕ್ಷುಲ್ಲಕವೆನಿಸುವ ಮೆಸೇಜುಗಳನ್ನು ಸಾಲಾಗಿಟ್ಟಾಗಲೇ ಕಾಟದ ರೂಪ ಕಾಣುವುದು. ವಾಟ್ಸಾಪ್ ಆದರೆ ‘ಎಕ್ಸ್‌ಪೋರ್ಟ್ ಚಾಟ್’ ಮಾಡಿ ಇಟ್ಟುಕೊಂಡು ಆಮೇಲೆ ‘ರಿಪೋರ್ಟ್’ ಒತ್ತಿ. ರಿಪೋರ್ಟ್ ಮಾಡಿದಾಗ ಅವರು ಕಳಿಸಿದ ಕೊನೆಯ 5 ಮೆಸೇಜು ಕಂಪನಿಗೆ ಹೋಗುತ್ತವೆ, ಕಳಿಸಿದವರಿಗೆ ಸೂಚನೆ ಹೋಗುವುದಿಲ್ಲ.

ಬ್ಲಾಕ್ ಆಮೇಲೆ. ಇನ್‌ಸ್ಟಾಗ್ರಾಮ್‌ನಲ್ಲಿ ಬ್ಲಾಕ್ ಮಾಡುವಾಗ ‘ಇವರ ಇತರ ಮತ್ತು ಹೊಸ ಖಾತೆಗಳನ್ನೂ’ ಎಂಬ ಆಯ್ಕೆ ಇರುತ್ತದೆ, ಅದನ್ನೇ ಆರಿಸಿ. ಉತ್ತರ ಕೊಡಬೇಡಿ, ಬೈಯಲೂ ಬೇಡಿ. ‘ಇನ್ನು ಸಂಪರ್ಕಿಸಬೇಡಿ’ ಎಂದು ಒಂದೇ ಒಂದು ಸಲ ಬರೆದು ಅದರ ಚಿತ್ರ ಇಟ್ಟುಕೊಂಡಿದ್ದರೆ ದೂರು ಕೊಡುವಾಗ ಉಪಯೋಗಕ್ಕೆ ಬರುತ್ತದೆ. ಇಪ್ಪತ್ತು ಮೆಸೇಜಿಗೆ ಸುಮ್ಮನಿದ್ದು ಇಪ್ಪತ್ತೊಂದನೆಯದಕ್ಕೆ ರೇಗಿದಿರಿ ಎನ್ನಿ, ಇಪ್ಪತ್ತೊಂದು ಕಳಿಸಿದರೆ ಉತ್ತರ ಬರುತ್ತದೆ ಎಂದು ಅವನಿಗೆ ಲೆಕ್ಕ ಸಿಕ್ಕಂತಾಯಿತು.

ಪ್ರಶ್ನೆ: ವಿಳಾಸ ಎಲ್ಲೂ ಬರೆದಿಲ್ಲ. ಕಿಟಕಿಯ ಫೋಟೊ ಹಾಕಿದ್ದಕ್ಕೇ ಮನೆ ಪತ್ತೆಯಾಗಲು ಸಾಧ್ಯವೇ?

ಉತ್ತರ: ಸಾಧ್ಯ. ಕ್ಯಾಮೆರಾಗೆ ಲೊಕೇಶನ್ ಅನುಮತಿ ಇದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೋಟೊ ಫೈಲಿನೊಳಗೇ ಸೇರಿರುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಉದುರಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೆಯೇ ಉಳಿಯುತ್ತದೆ. ಚಿತ್ರ ಸ್ಪಷ್ಟವಾಗಿರಲಿ ಎಂದು ಡಾಕ್ಯುಮೆಂಟ್ ಮಾಡಿ ಕಳಿಸುವವರು ಇದನ್ನು ಗಮನಿಸಬೇಕು. ಕ್ಯಾಮೆರಾದ ಲೊಕೇಶನ್ ಅನುಮತಿ ತೆಗೆದರೆ ಇನ್ನು ಮುಂದಿನ ಫೋಟೊಗಳಿಗೆ ಆ ಚಿಂತೆ ಇಲ್ಲ.

ಚಿತ್ರದೊಳಗೆ ಕಾಣುವುದಕ್ಕೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ. 2019ರಲ್ಲಿ ಜಪಾನ್‌ನಲ್ಲಿ ಯುವ ಗಾಯಕಿಯೊಬ್ಬಳ ಸೆಲ್ಫಿಯನ್ನು ದೊಡ್ಡದು ಮಾಡಿ, ಅವಳ ಕಣ್ಣಿನಲ್ಲಿ ಪ್ರತಿಫಲಿಸಿದ್ದ ರೈಲು ನಿಲ್ದಾಣವನ್ನು ಗೂಗಲ್ ಮ್ಯಾಪ್ಸ್‌ನ ಬೀದಿ ಚಿತ್ರಗಳ (ಸ್ಟ್ರೀಟ್ ವ್ಯೂ) ಜೊತೆ ಹೋಲಿಸಿ, ಒಬ್ಬ ಅವಳ ಮನೆಯವರೆಗೆ ಹೋಗಿ ಹಲ್ಲೆ ಮಾಡಿದ. ಕಿಟಕಿಯಾಚೆಯ ಟವರ್, ಎದುರಿನ ಬೋರ್ಡು, ಪಾರ್ಸೆಲ್ ಮೇಲಿನ ಲೇಬಲ್, ಇವನ್ನು ಹಾಕುವ ಮುನ್ನ ಒಮ್ಮೆ ಜೂಮ್ ಮಾಡಿ ನೋಡಿ. ಹೋದ ಜಾಗದ ಫೋಟೊವನ್ನು ಅಲ್ಲಿಂದ ಹೊರಟ ಮೇಲೆ ಹಾಕಿ. ಓಟದ, ನಡಿಗೆಯ ಆ್ಯಪ್ ಬಳಸುವವರು ದಾರಿಯ ಆರಂಭ ಮತ್ತು ಕೊನೆ ಮರೆಮಾಡುವ ಆಯ್ಕೆ ಹಾಕಿಕೊಳ್ಳಲೇಬೇಕು. ಅಂಥದ್ದೇ ಆ್ಯಪ್ ಆದ ಸ್ಟ್ರಾವಾ ಪ್ರಕಟಿಸಿದ್ದ ಓಟದ ನಕ್ಷೆಯಲ್ಲಿ ಸೇನಾ ನೆಲೆಗಳ ಒಳದಾರಿಗಳೇ ಹೊಳೆಯುತ್ತಿದ್ದದ್ದು 2018ರಲ್ಲಿ ಬಯಲಾಗಿತ್ತು.

ಪ್ರಶ್ನೆ: ಖಾಸಗಿ ಚಿತ್ರಗಳನ್ನು ಹರಿಬಿಡುತ್ತೇನೆಂದು ಒಬ್ಬ ಹಣ ಕೇಳುತ್ತಿದ್ದಾನೆ.

ಉತ್ತರ: ಕೊಡಬೇಡಿ. ಕೊಟ್ಟವರು ಮತ್ತೆ ಕೊಡುತ್ತಾರೆಂದು ಅವನಿಗೆ ಗೊತ್ತಾಗುತ್ತದೆ ಅಷ್ಟೆ. ಬೆದರಿಕೆಯ ಮೆಸೇಜು, ಹಣ ಕೇಳಿದ ಖಾತೆಯ ವಿವರ ಉಳಿಸಿಕೊಂಡು ಪೊಲೀಸರಿಗೆ ದೂರು ಕೊಡಿ. ಅದರ ಜೊತೆಗೇ ‘ಸ್ಟಾಪ್ ಎನ್‌ಸಿಐಐ ಡಾಟ್ ಆರ್ಗ್’ ತಾಣ ತೆರೆಯಿರಿ. 2021ರಿಂದ ಇರುವ ಈ ಸೇವೆಗೆ ಹಣ ಕೊಡಬೇಕಿಲ್ಲ. ಚಿತ್ರ ನಿಮ್ಮ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಫೋನಿನಲ್ಲೇ ಅದರ ಬೆರಳಚ್ಚಿನಂಥ ಸಂಕೇತ ತಯಾರಾಗಿ, ಅದು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್‌ನಂಥ ಸೇರಿಕೊಂಡ ಕಂಪನಿಗಳಿಗೆ ಹೋಗುತ್ತದೆ. ಅದೇ ಚಿತ್ರವನ್ನು ಯಾರಾದರೂ ಅಲ್ಲಿ ಹಾಕಿದರೆ ಗುರುತು ಸಿಗುತ್ತದೆ. ಚಿತ್ರವನ್ನು ಕತ್ತರಿಸಿ, ತಿದ್ದಿ ಹಾಕಿದರೆ ಸಂಕೇತ ಹೊಂದದಿರಬಹುದು. ಸೇರದ ತಾಣಗಳಲ್ಲಂತೂ ಇದು ನಡೆಯುವುದಿಲ್ಲ. ಚಿತ್ರ ತೆಗೆದಾಗ 18 ತುಂಬಿರದಿದ್ದರೆ ಇದೇ ಬಗೆಯ ‘ಟೇಕ್ ಇಟ್ ಡೌನ್’ ಸೇವೆ ಬಳಸಿ.

ಪ್ರಶ್ನೆ: ‘ಗುರುತಿಲ್ಲದ ಏರ್‌ಟ್ಯಾಗ್ ನಿಮ್ಮೊಂದಿಗೆ ಚಲಿಸುತ್ತಿದೆ’ ಎಂದು ಫೋನ್ ಹೇಳಿತು.

ಉತ್ತರ: ಏರ್‌ಟ್ಯಾಗ್ ಎಂದರೆ ವಸ್ತು ಕಳೆದರೆ ಹುಡುಕಲೆಂದು ಸಿಕ್ಕಿಸುವ ಆಪಲ್ ಕಂಪನಿಯ ಪುಟ್ಟ ಬಿಲ್ಲೆ. ಯಾರೋ ಅದನ್ನು ನಿಮ್ಮ ಬಳಿ ಬಚ್ಚಿಟ್ಟಿದ್ದರೆ ನೀವು ಎಲ್ಲಿದ್ದೀರಿ ಎಂಬುದು ಅವರಿಗೆ ತಿಳಿಯುತ್ತದೆ. ನೇರ ಮನೆಗೆ ಹೋಗಬೇಡಿ, ಜನರಿರುವ ಕಡೆ ನಿಲ್ಲಿ. ಸೂಚನೆಯೊಳಗೆ ಅದರ ಸದ್ದು ಮಾಡಿಸುವ ಗುಂಡಿ ಇರುತ್ತದೆ. ಬ್ಯಾಗಿನ ಅಸ್ತರು, ಸೀಟಿನ ಅಡಿ ಹುಡುಕಿ. ಸಿಕ್ಕಿದರೆ ಎನ್‌ಎಫ್‌ಸಿ (ತಾಗಿಸಿದರೆ ಮಾಹಿತಿ ಓದುವ ಸೌಲಭ್ಯ) ಇರುವ ಫೋನಿನ ಹತ್ತಿರ ಹಿಡಿಯಿರಿ. ಸೀರಿಯಲ್ ನಂಬರೂ ಮಾಲೀಕರ ಫೋನ್ ನಂಬರಿನ ಕೊನೆಯ 4 ಅಂಕಿಯೂ ಕಾಣಬಹುದು. ಅದರ ಚಿತ್ರ ತೆಗೆದುಕೊಂಡ ಮೇಲೆ ಸ್ಟೀಲ್ ಮುಚ್ಚಳವನ್ನು ಒತ್ತಿ ಎಡಕ್ಕೆ ತಿರುಗಿಸಿ ಬ್ಯಾಟರಿ ತೆಗೆಯಿರಿ. ಆಂಡ್ರಾಯ್ಡ್ 6 ಮತ್ತು ನಂತರದ ಫೋನುಗಳಲ್ಲೂ 2023ರಿಂದ ಈ ಎಚ್ಚರಿಕೆ ಬರುತ್ತಿದೆ. ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರ್‌ಗಳನ್ನು ಇದು ಹಿಡಿಯುವುದಿಲ್ಲ, ಅನುಮಾನ ಉಳಿದರೆ ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸಿ.

ಪ್ರಶ್ನೆ: ಬ್ರೌಸರ್‌ನ ಇನ್‌ಕಾಗ್ನಿಟೊ (ಹಿಸ್ಟರಿ ಉಳಿಸದ ಕಿಟಕಿ)ಯಲ್ಲಿ ನೋಡಿದರೆ ಯಾರಿಗೂ ತಿಳಿಯುವುದಿಲ್ಲ ತಾನೆ?

ಉತ್ತರ: ಅದೇ ಫೋನನ್ನು ಆಮೇಲೆ ಬಳಸುವವರಿಗೆ ಹಿಸ್ಟರಿಯಲ್ಲಿ ಕಾಣುವುದಿಲ್ಲ. ಇಂಟರ್ನೆಟ್ ಕೊಡುವ ಕಂಪನಿಗೆ, ನೀವು ತೆರೆದ ತಾಣಕ್ಕೆ, ಸ್ಕ್ರೀನ್ ಓದುವ ಬೇಹುಗಾರಿಕೆ ಆ್ಯಪ್‌ಗೆ ಎಂದಿನಂತೆ ಕಾಣುತ್ತದೆ.

ಪ್ರಶ್ನೆ: ‘ಮೊದಲ ಶಾಲೆ ಯಾವುದು’ ಎಂಬಂಥ ಭದ್ರತಾ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕೇ?

ಉತ್ತರ: ಬೇಡ. ನಿಮ್ಮನ್ನು ಬಲ್ಲವರೆಲ್ಲ ಬಲ್ಲ ಉತ್ತರ ಅದು. ಸಂಬಂಧವೇ ಇಲ್ಲದ ನಾಲ್ಕು ಪದ ಬರೆದು, ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಕಾಯ್ದಿಡುವ ಆ್ಯಪ್‌ನಲ್ಲಿ (ಪಾಸ್‌ವರ್ಡ್ ಮ್ಯಾನೇಜರ್) ಉಳಿಸಿಕೊಳ್ಳಿ.