ನಿಮ್ಮ ಕಥೆಯಲ್ಲಿ ‘ಹ್ಯಾಡ್’ ಹೆಚ್ಚಾಗಿದೆ

ಪ್ರಿಯರೇ, ನಮಸ್ಕಾರ.

ಅಜ್ಜನ ಮನೆಯ ಬಾವಿಯಿಂದ ಹೂಳೆತ್ತಿದ ದಿನದ ಬಗ್ಗೆ ನೀವು ಇಂಗ್ಲಿಷಿನಲ್ಲಿ ಬರೆದ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಉತ್ತರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ತೊಡಕಿನ ಬೇರು ಇರುವುದು ಕನ್ನಡದಲ್ಲೇ.

ಮೊದಲ ಪುಟವೊಂದರಲ್ಲೇ ಹದಿನಾಲ್ಕು ‘ಹ್ಯಾಡ್’ಗಳಿವೆ. ‘ಯಸ್ಟರ್‌ಡೇ ಐ ಹ್ಯಾಡ್ ಗಾನ್ ಟು ದ ವೆಲ್’ ಎಂದೇ ಆರಂಭ. ಇದು ‘ನಿನ್ನೆ ಬಾವಿಯ ಹತ್ತಿರ ಹೋಗಿದ್ದೆ’ ಎಂಬ ವಾಕ್ಯ ಇಂಗ್ಲಿಷಿನ ಅಂಗಿ ತೊಟ್ಟು ಬಂದದ್ದು. ನಮ್ಮ ‘ಹೋಗಿದ್ದೆ’ ಒಂಟಿಯಾಗಿ ನಿಲ್ಲಬಲ್ಲದು. ‘ಹ್ಯಾಡ್ ಗಾನ್’ಗೆ ಜೊತೆ ಬೇಕು: ನಡೆದುಹೋದ ಇನ್ನೊಂದು ಸಂಗತಿ, ಅದಕ್ಕಿಂತಲೂ ಮುಂಚೆ ನಡೆದದ್ದು ಇದು ಎಂಬ ಹೋಲಿಕೆ. ಅಜ್ಜ ಬರುವಷ್ಟರಲ್ಲಿ ಹಗ್ಗ ತುಂಡಾಗಿತ್ತು ಎಂದು ಬರೆದಿದ್ದೀರಲ್ಲ, ಅಲ್ಲಿ ‘ಹ್ಯಾಡ್’ ಸರಿ. ಹದಿನಾಲ್ಕರಲ್ಲಿ ಉಳಿಯಬೇಕಾದದ್ದು ಅದೊಂದೇ. (ಕಚೇರಿಗಳಿಗೆ ಬರೆಯುವ ಅರ್ಜಿಗಳಲ್ಲಿ ಈ ಕಳೆ ಹುಲುಸಾಗಿ ಬೆಳೆಯುತ್ತದೆ, ನನ್ನ ಹಳೆಯ ಅರ್ಜಿಗಳೂ ಸೇರಿ.)

‘ಹ್ಯಾಸ್ ಕಮ್ ಯಸ್ಟರ್‌ಡೇ’ ಕೂಡ ಇದೇ ಕುಲದ್ದು. ‘ನಿನ್ನೆಯೇ ಬಂದಿದ್ದಾನೆ’ ಎಂದರೆ ಕನ್ನಡಕ್ಕೆ ತಕರಾರಿಲ್ಲ. ಇಂಗ್ಲಿಷಿನಲ್ಲಿ ಕಳೆದ ಹೊತ್ತನ್ನು ಹೆಸರಿಸಿದ ಕೂಡಲೇ ‘ಕೇಮ್’ ಎನ್ನಬೇಕು.

ನಾಲ್ಕನೆಯ ಪುಟ ಇನ್ನೂ ಕುತೂಹಲದ್ದು. ಕೆಲಸದವನು ಬಾವಿಗೆ ಇಳಿಯುವಾಗ ನಿಮ್ಮ ಕ್ರಿಯಾಪದಗಳು ‘ಟೈಡ್, ಹೋಲ್ಡ್ಸ್, ಗ್ರೋಪ್ಸ್, ವೆಂಟ್ ಡೌನ್’ ಎಂದು ಹಿಂದೆ ಮುಂದೆ ಜಿಗಿಯುತ್ತವೆ. ಕನ್ನಡದಲ್ಲಿ ‘ಕಚ್ಚೆ ಕಟ್ಟಿ, ಹಗ್ಗ ಹಿಡಿದು, ಕಾಲಲ್ಲಿ ಮೆಟ್ಟಿಲು ತಡಕಿ ಇಳಿದ’ ಎಂದರೆ ಕಾಲದ ಭಾರ ಹೊರುವುದು ‘ಇಳಿದ’ ಮಾತ್ರ. ಉಳಿದ ಮೂರೂ ಅದರ ಹೆಗಲಿಗೆ ಒರಗುತ್ತವೆ. ಇಂಗ್ಲಿಷಿನಲ್ಲಿ ಹೀಗೆ ಸಾಲಾಗಿ ನಿಂತ ಕ್ರಿಯಾಪದಗಳು ತಮ್ಮ ತಮ್ಮ ಹೊರೆ ತಾವೇ ಹೊರಬೇಕು. ಎಲ್ಲಕ್ಕೂ ‘ಇಂಗ್’ ಹಚ್ಚಿ ತಪ್ಪಿಸಿಕೊಳ್ಳಬೇಡಿ. ಆಗ ನಾಲ್ಕು ಕೆಲಸವೂ ಒಟ್ಟಿಗೆ ನಡೆದಂತಾಗಿ, ಒಂದಾದ ಮೇಲೊಂದು ಎಂಬ ಕ್ರಮವೇ ಹೋಗುತ್ತದೆ.

ಒಳಗಿನಿಂದ ಅವನು ಕೂಗಿದ್ದನ್ನು ‘ಹಿ ಸೆಡ್ ದಟ್ ದೇರ್ ಈಸ್ ವಾಟರ್’ ಎಂದಿದ್ದೀರಿ. ನಮ್ಮ ‘ಎಂದು’ ಆಡಿದ ಮಾತನ್ನು ಹಾಗೆಯೇ ಎತ್ತಿಕೊಡುತ್ತದೆ. ‘ದಟ್’ ಹಾಗಲ್ಲ, ಭೂತಕಾಲದಲ್ಲಿ ಹೇಳುವ ಕಥೆಯಲ್ಲಿ ಅದು ಮಾತನ್ನೂ ಹಿಂದಕ್ಕೆ ಎಳೆದು ‘ವಾಸ್’ ಮಾಡಿಸುತ್ತದೆ. ಉದ್ಧರಣ ಚಿಹ್ನೆ ಹಾಕಿ ಅವನನ್ನೇ ಕೂಗಲು ಬಿಡಿ. ಬಾವಿಯ ಪ್ರತಿಧ್ವನಿಯೂ ಸಿಗುತ್ತದೆ.

ದೊಡ್ಡ ಲೇಖಕರೂ ಕಾಲಗಳನ್ನು ಬೆರೆಸುತ್ತಾರೆ ಎಂದು ಜೊತೆಯ ಪತ್ರದಲ್ಲಿ ವಾದಿಸಿದ್ದೀರಿ. ನಿಜ. 1852–53ರಲ್ಲಿ ಕಂತುಗಳಾಗಿ ಬಂದ ಡಿಕನ್ಸ್‌ನ ಇಂಗ್ಲಿಷ್ ಕಾದಂಬರಿ ‘ಬ್ಲೀಕ್ ಹೌಸ್’ನಲ್ಲಿ ಹೆಸರಿಲ್ಲದ ನಿರೂಪಕ ವರ್ತಮಾನದಲ್ಲಿ ಹೇಳುತ್ತಾನೆ, ಇನ್ನೊಬ್ಬ ನಿರೂಪಕಿ ಎಸ್ತರ್ ಭೂತಕಾಲದಲ್ಲಿ ಹೇಳುತ್ತಾಳೆ. ಆದರೆ ಇಬ್ಬರ ಅಧ್ಯಾಯಗಳೂ ಬೇರೆ ಬೇರೆ. ನಿಮ್ಮಲ್ಲಿ ಹೇಳುವವನು ಒಬ್ಬನೇ, ಕಾಲ ಮಾತ್ರ ವಾಕ್ಯದ ನಡುವೆ ಮಗ್ಗುಲು ಬದಲಿಸುತ್ತದೆ.

ಹಾಗೆಂದು ಏಳನೆಯ ಪುಟವನ್ನು ಮುಟ್ಟಬೇಡಿ. ತೀರಿಕೊಂಡ ಅಜ್ಜಿಯ ಹಿತ್ತಾಳೆ ಚೊಂಬು ಕೆಸರಿನ ಬಕೆಟ್ಟಿನಲ್ಲಿ ಮೇಲೆ ಬರುವ ಭಾಗ ಇಡೀ ವರ್ತಮಾನದಲ್ಲಿದೆ, ಹುಡುಗ ಇನ್ನೂ ಅದನ್ನು ನೋಡುತ್ತಲೇ ಇದ್ದಾನೆ. ಉಳಿದದ್ದೆಲ್ಲ ಭೂತಕಾಲದಲ್ಲಿ ಗಟ್ಟಿಯಾಗಿ ನಿಂತರೆ ಈ ಒಂದು ಪುಟ ಹೊಳೆಯುತ್ತದೆ. ತಿದ್ದಿ ಕಳುಹಿಸಿದರೆ ಖಂಡಿತ ಓದುತ್ತೇನೆ.

ಇನ್ನೊಂದು. ಕಥೆ ಇಂದಿಗೆ ಬಂದ ಕೊನೆಯ ಪುಟದಲ್ಲಿ ‘ಮೈ ಗ್ರ್ಯಾಂಡ್‌ಫಾದರ್ ವಾಸ್ ಎ ಟಾಲ್ ಮ್ಯಾನ್’ ಎಂದಿದೆ. ಓದಿ ಅಜ್ಜ ಹೋದರೆಂದುಕೊಂಡೆ. ಮುಂದಿನ ಸಾಲಿನಲ್ಲಿ ಅವರು ಜಗುಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದಾರೆ. ದಯವಿಟ್ಟು ‘ಈಸ್’ ಮಾಡಿ.

— ಸಂಪಾದಕ