ರೆಂಡಿಟಾ ಬರೆದ ಕೈಗೆ ಮೆಸ್ಸಿನ ಲೆಕ್ಕ

ಪ್ರಶ್ನೆ: ಅಕ್ಕಾ, ನಾವು ಶಿಡ್ಲಘಟ್ಟದವರು. ಮನೆ ಹಿಂದೆಯೇ ಬೇಸಿನ್ ಹಾಕಿಕೊಂಡು ರೇಷ್ಮೆ ನೂಲು ತೆಗೆಸುತ್ತಿದ್ದೆವು. ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದುದು ಯಜಮಾನರು. ಕೆಲಸದವರು, ಸೌದೆ, ನೂಲಿನ ತೂಕ, ಲೆಕ್ಕದ ಪುಸ್ತಕ ಎಲ್ಲ ನನ್ನದು. ಗೂಡಿನ ರೇಟು ಏರಿ ನೂಲಿನ ರೇಟು ಬಿದ್ದು ಸಾಲವಾಯಿತು. ನಮ್ಮವರು ಬೇರೆ ಮುಲಾಜಿನ ಮನುಷ್ಯ, ನೂಲಿನ ಬಾಕಿ ಕೇಳುವುದಕ್ಕೂ ನಾಚಿಕೆ. ಕಳೆದ ಯುಗಾದಿಗೆ ಎಲ್ಲ ಮುಚ್ಚಿದೆವು. ಈಗ ಚಿಕ್ಕಬಳ್ಳಾಪುರದಲ್ಲಿ, ಯಾರಿಗೂ ನಮ್ಮ ಗುರುತಿಲ್ಲದ ಕಡೆ, ಸಣ್ಣದೊಂದು ಮೆಸ್ ಹಾಕೋಣ ಅಂದುಕೊಂಡಿದ್ದೇನೆ. ನನಗೆ ನಲವತ್ತಮೂರು. ‘ಹಳೇದೆಲ್ಲ ಮರೆತು ಸೊನ್ನೆಯಿಂದ ಶುರು ಮಾಡು’ ಅಂತಾನೆ ಅಣ್ಣ. ಹಾಗಾದರೆ ಇಷ್ಟು ವರ್ಷ ಕಲಿತದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ? ಬೇಸಿನ್ ಮಾರಲೇ, ಇಟ್ಟುಕೊಳ್ಳಲೇ?
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ನಿಮ್ಮಣ್ಣ ಒಳ್ಳೇ ಮನಸ್ಸಿನಿಂದಲೇ ಹೇಳಿರಬಹುದು. ಆದರೂ ಆ ಮಾತು ಕಿವಿಗೆ ಹಾಕ್ಕೋಬೇಡಿ. ಮರೀಬೇಕಾದ್ದು ಒಂದೆರಡು ಇದೆ ನಿಜ, ಅದನ್ನ ಆಮೇಲೆ ಹೇಳ್ತೀನಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಲೆಕ್ಕದ ಪುಸ್ತಕ ನನ್ನದು’ ಅನ್ನೋ ಕಡೆ. ನಾನು ಕೋಲಾರ ಸೀಮೆಯ ಬ್ಯಾಂಕುಗಳಲ್ಲಿ ಸಾಲದ ಮೇಜಿನ ಹಿಂದೆ ಕೂತು ರಿಟೈರ್ ಆದವಳು. (2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯ್ತು, ನನ್ನ ಬಾಯಿಗೆ ಇನ್ನೂ ಎಲ್ಲ ಕೋಲಾರವೇ.) ನೂಲು ತೆಗೆಯೋ ರೀಲರುಗಳ ಮನೆಗೆ ಹೋದರೆ ಬಾಯ್ಲರ್ ನೋಡೋಕೆ ಮೊದಲು ರೆಂಡಿಟಾ ಬರೆದಿದ್ದೀರಾ ಅಂತ ಕೇಳ್ತಿದ್ದೆ. ಗೊತ್ತಿಲ್ಲದ ಓದುಗರಿಗೆ: ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕಾಯ್ತು ಅನ್ನೋದೇ ರೆಂಡಿಟಾ. ಬೈವೋಲ್ಟೀನ್ ತಳಿಯ ಬಿಳಿ ಗೂಡಿಗೆ ಆರು, ಆರೂವರೆ; ಮಿಶ್ರತಳಿಗೆ ಏಳೆಂಟು. 80 ಕೆಜಿ ಗೂಡಿಗೆ ರೆಂಡಿಟಾ 8 ಬಂದರೆ 10 ಕೆಜಿ ನೂಲು. ಅದೇ 8.5ಕ್ಕೆ ಹೋಯ್ತೋ, ಹತ್ತಿರ ಹತ್ತಿರ 600 ಗ್ರಾಂ ಕೈಬಿಟ್ಟ ಹಾಗೆ. ಗೂಡು ಜಾಸ್ತಿ ಬೆಂತಾ, ಎಳೆ ಹುಡುಕೋವಾಗ ವೇಸ್ಟ್ ಜಾಸ್ತಿ ಕಿತ್ತರಾ, ಹರಾಜಿನಲ್ಲಿ ಕೊಂಡ ರಾಶಿಯಲ್ಲೇ, ಅಂದರೆ ಲಾಟಿನಲ್ಲೇ, ಕಲೆ ಗೂಡು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಸೇರಿತ್ತಾ ಅಂತ ಸಂಜೆ ಕೂತು ಹುಡುಕಿದವರು ನೀವು.

ಮೆಸ್ಸಿನಲ್ಲೂ ದುಡ್ಡು ಸೋರೋದು ಅಲ್ಲೇ. ಒಂದು ಕೆಜಿ ಅಕ್ಕಿಗೆ ಎಷ್ಟು ಊಟ ಎದ್ದಿತು, ಒಂದು ಕೆಜಿ ರಾಗಿ ಹಿಟ್ಟಿಗೆ ಎಷ್ಟು ಮುದ್ದೆ, ಮಧ್ಯಾಹ್ನ ಮೂರು ಗಂಟೆಗೆ ಪಾತ್ರೆಯಲ್ಲಿ ಎಷ್ಟು ಸಾರು ಉಳೀತು, ದಿನಾ ತೂಗಿ ಬರೀರಿ. ಚೆನ್ನಾಗಿ ಅಡುಗೆ ಮಾಡೋರು ಬೀದಿಗೆ ನಾಲ್ಕು ಜನ ಸಿಗ್ತಾರೆ, ಉಳಿದ ಅನ್ನ ತೂಗೋರು ಸಿಗೋದಿಲ್ಲ. ರೇಟು ಏರಿಳಿದರೆ ಎದೆ ಹೊಡೆದುಕೊಳ್ಳೋ ಅಭ್ಯಾಸವೂ ನಿಮಗೆ ಹೋಗಿರಬೇಕು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೇಟೊ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಅಂಥ ತಿಂಗಳು ಉಪ್ಸಾರು ಮಾಡಿ, ಮಸ್ಸೊಪ್ಪು ಮಾಡಿ. ಮುದ್ದೆ ತಿನ್ನೋರು ಬೇಡ ಅನ್ನಲ್ಲ.

ಇನ್ನು ನಿಮಗೆ ಇಲ್ಲದ ಅನುಭವ. ರೀಲಿಂಗಿನಲ್ಲಿ ನೀವು ಯಾವತ್ತೂ ಬೆಲೆ ಕಟ್ಟಿದವರಲ್ಲ. ಗೂಡಿನ ಬೆಲೆ ಹರಾಜಿನಲ್ಲಿ ಆಗ್ತಿತ್ತು, ನೂಲಿನ ಬೆಲೆ ವ್ಯಾಪಾರಿ ಹೇಳ್ತಿದ್ದ. ಎರಡರ ನಡುವೆ ಉಳಿದದ್ದು ನಿಮ್ಮದು. ಮೆಸ್ಸಿನಲ್ಲಿ ‘ಊಟ ಎಷ್ಟು?’ ಅಂತ ಗಿರಾಕಿ ಕೇಳಿದರೆ ಬಾಯಿ ಬಿಟ್ಟು ಹೇಳಬೇಕಾದವರು ನೀವೇ. ಈ ಕಸುಬಿನಿಂದ ಬಂದವರು ಅಳುಕಿ ಐದು ರೂಪಾಯಿ ಕಡಿಮೆಯೇ ಹೇಳ್ತಾರೆ, ನಾನು ನೋಡಿದ್ದೀನಿ. ಅದಕ್ಕೇ ಗ್ಯಾಸು, ಬಾಡಿಗೆ, ಪಾತ್ರೆ ತೊಳೆಯೋಳ ಕೂಲಿ, ನಿಮ್ಮ ಸ್ವಂತ ಕೂಲಿ ಎಲ್ಲ ಸೇರಿಸಿ ಒಂದು ಊಟಕ್ಕೆ ಬಿದ್ದ ಖರ್ಚು ಹಾಕಿ, ರೇಟು ಬೋರ್ಡಿನ ಮೇಲೆ ಬರೆಸಿಬಿಡಿ. ಕೇಳಿದವರಿಗೆ ಬೋರ್ಡು ತೋರಿಸಿದರಾಯ್ತು.

ಮರೀಬೇಕಾದ್ದು ಎರಡು: ಕೆಲಸದವರಿಗೆ ಸಾವಿರಗಟ್ಟಲೆ ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳೋ ಪದ್ಧತಿ, ಮಾಲು ಕೊಟ್ಟು ದುಡ್ಡಿಗೆ ಕಾಯೋ ಪದ್ಧತಿ. ತಿಂಗಳ ಊಟದವರಿದ್ದರೆ ದುಡ್ಡು ಮೊದಲೇ ತಗೊಳ್ಳಿ.

ಜಾಗದ ವಿಷಯದಲ್ಲಿ ನನಗೆ ನಿಮ್ಮ ಲೆಕ್ಕಾಚಾರ ಸರಿ ಕಾಣ್ತಿಲ್ಲ. ಗುರುತಿಲ್ಲದ ಊರಿಗೆ ಹೋಗೋಣ ಅನಿಸೋದು ಸಹಜ, ನಷ್ಟ ಆದ ಮನೆಯವರಿಗೆಲ್ಲ ಹಾಗೇ ಅನಿಸುತ್ತೆ. ಆದರೆ ಅಲ್ಲಿ ಯಾವ ಹೊತ್ತಿಗೆ ಯಾರಿಗೆ ಹಸಿವಾಗುತ್ತೆ ಅಂತ ಹೊಸದಾಗಿ ಕಲೀಬೇಕು, ಕಲಿಯೋ ತನಕ ಬಾಡಿಗೆ ಕಟ್ಟಬೇಕು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ದೂರದ ಊರುಗಳಿಂದ ರೈತರು ಗೂಡು ಹೇರಿಕೊಂಡು ಬಂದು ಹರಾಜಿಗೆ ಕಾಯ್ತಾರೆ. ಅವರಿಗೆ ಎಷ್ಟು ಹೊತ್ತಿಗೆ ಕೈ ಬಿಡುವಾಗುತ್ತೆ, ಯಾವ ತಿಂಗಳು ಗೂಡು ಕಡಿಮೆ ಬರುತ್ತೆ ಅಂತ ನಿಮಗೆ ನಿದ್ದೆಯಲ್ಲೂ ಗೊತ್ತು. ಮೊದಲ ವಾರ ನಾಲ್ಕು ಜನ ಆಡಿಕೊಳ್ತಾರೆ, ಆಡಿಕೊಳ್ಳಲಿ. ಆಮೇಲೆ ಊಟಕ್ಕೆ ಅವರೇ ಬರ್ತಾರೆ.

ಬೇಸಿನ್ ಮಾರಿ. ಮಳೆಗಾಲ ಕಳೆದರೆ ತುಕ್ಕಿನ ರೇಟು ಬರುತ್ತೆ. ಬಂದ ದುಡ್ಡನ್ನ ಮೆಸ್ಸಿಗೆ ಹಾಕೋಕೆ ಮೊದಲು ಬಡ್ಡಿ ಜಾಸ್ತಿ ಇರೋ ಕೈಸಾಲಕ್ಕೆ ಕಟ್ಟಿ. ಬ್ಯಾಂಕಿನ ಸಾಲವನ್ನ ‘ಸೆಟಲ್‌ಮೆಂಟ್’ ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಅವಸರ ಪಡಬೇಡಿ. ಪೂರ್ತಿ ಕಟ್ಟದೆ ಸೆಟಲ್ ಆಯ್ತು ಅಂತ ಸಾಲದ ಚರಿತ್ರೆ ಇಡೋ ಸಿಬಿಲ್‌ನಲ್ಲಿ ದಾಖಲಾದರೆ ಮುಂದೆ ಸಾಲ ಹುಟ್ಟೋದು ಕಷ್ಟ. ಕಂತು ಚಿಕ್ಕದು ಮಾಡಿ ಅಂತ ಮ್ಯಾನೇಜರ್ ಹತ್ತಿರ ಅರ್ಜಿ ಕೊಡಿ. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ, ಅಡಮಾನ ಕೇಳೋ ಹಾಗಿಲ್ಲ. ಒಲೆ, ಪಾತ್ರೆಗೆ ಅಷ್ಟು ಸಾಕು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ನಗರಸಭೆ ಲೈಸೆನ್ಸು ಮೊದಲೇ ಮಾಡಿಸಿ.

ನಿಮ್ಮ ಯಜಮಾನರನ್ನ ಸುಮ್ಮನೆ ಮನೆಯಲ್ಲಿ ಕೂರಿಸಬೇಡಿ. ಮುಷ್ಟಿ ಗೂಡು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದಿನಲ್ಲೇ ಲಾಟಿನ ಹಣೆಬರಹ ಹೇಳ್ತಿದ್ದವರು, ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಕೊಳೆತ ತರಕಾರಿ ತಗೊಂಡು ಬರ್ತಾರಾ? ಖರೀದಿ ಪೂರ್ತಿ ಅವರಿಗೇ ಬಿಡಿ. ಗಲ್ಲಾದ ಮುಂದೆ ಮಾತ್ರ ನೀವೇ ಕೂತ್ಕೊಳ್ಳಿ.