ಕರೆಂಟ್ ಹೋದಾಗ, ಹೊಳೆ ಏರಿದಾಗ: ಮನೆಯಲ್ಲಿ ರೋಗಿ ಇರುವವರ ಪ್ರಶ್ನೆಗಳು

ಪ್ರಶ್ನೆ: ತಂದೆಯವರಿಗೆ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ). 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್‌ನಿಂದ ನಿಮಿಷಕ್ಕೆ 2 ಲೀಟರ್ ಕೊಡುತ್ತಿದ್ದೇವೆ. ಮಳೆಗಾಲದಲ್ಲಿ ಹೋದ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಸಾಕೇ? ಮನೆ ಹೊಳೆದಂಡೆಗೂ ಹತ್ತಿರ.
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ಅದೊಂದನ್ನೇ ನಂಬಿ ಕೂರಬೇಡಿ. ಈ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. 12 ವೋಲ್ಟಿನ ನಿಮ್ಮ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಗಂಟೆ ಇದ್ದರೂ ಪೂರ್ತಿ ಕೈಗೆ ಸಿಗುವುದಿಲ್ಲ. ಹೊಸ ಬ್ಯಾಟರಿಯಾದರೆ ಮೂರು ಗಂಟೆ, ಹೆಚ್ಚೆಂದರೆ ಮೂರೂವರೆ. ಹಳೆಯದಾದರೆ ಅದರರ್ಧವೂ ಬರಲಿಕ್ಕಿಲ್ಲ. ಅದೇ ಲೈನಿನಲ್ಲಿ ಫ್ಯಾನು, ಟಿವಿ ಓಡುತ್ತಿದ್ದರೆ ಇನ್ನೂ ಕಡಿಮೆ. ಇನ್ವರ್ಟರ್ ಸೈನ್ ವೇವ್‌ನದ್ದೇ ಇರಲಿ. ಸ್ಕ್ವೇರ್ ವೇವ್‌ನಲ್ಲಿ ಕಂಪ್ರೆಸರ್ ಗುಂಯ್‌ಗುಟ್ಟಿ ಬಿಸಿಯೇರುತ್ತದೆ.

ಆದ್ದರಿಂದ ಬಿ ಟೈಪ್ ಸಿಲಿಂಡರ್ ಒಂದು ಮನೆಯಲ್ಲಿರಲೇಬೇಕು. ತುಂಬಿದ್ದರೆ ಅದರಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ, ನೀವು ಹತ್ತು ಎಂದೇ ಹಿಡಿಯಿರಿ. ಮೀಟರಿನ ಮುಳ್ಳು 150ರಲ್ಲಿದ್ದರೆ ತುಂಬಿದೆ, 75ಕ್ಕೆ ಬಂದರೆ ಅರ್ಧ ಮುಗಿದಿದೆ. ಕೈಕೊಡುವುದು ಬಹುಪಾಲು ಸಣ್ಣ ವಸ್ತುಗಳೇ: ವಾಲ್ವ್ ತಿರುಗಿಸುವ ಕೀ ಸಿಗುವುದಿಲ್ಲ, ವಾಷರ್ ಸವೆದಿರುತ್ತದೆ, ಬದಲಿಗೆ ತಂದ ಸಿಲಿಂಡರಿನ ಬಾಯಿಗೆ ರೆಗ್ಯುಲೇಟರ್ ಕೂರುವುದಿಲ್ಲ. ಕೀಯನ್ನು ಸಿಲಿಂಡರಿನ ಕುತ್ತಿಗೆಗೇ ದಾರದಲ್ಲಿ ಕಟ್ಟಿ. ಬಿಗಿಯಾದ ವಾಲ್ವ್‌ಗೆ ಎಣ್ಣೆ, ಗ್ರೀಸ್ ಮುಟ್ಟಿಸಲೇಬೇಡಿ; ಒತ್ತಡದ ಆಕ್ಸಿಜನ್‌ಗೆ ಅದು ತಾಗಿದರೆ ತಾನಾಗಿ ಹೊತ್ತಿಕೊಳ್ಳಬಹುದು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಹಾಕಿ. ಒಲೆ, ದೇವರ ದೀಪ, ಊದುಬತ್ತಿ ದೂರವಿರಲಿ. ಹ್ಯುಮಿಡಿಫೈಯರ್ ಬಾಟಲಿಯಲ್ಲಿ ಗುಳ್ಳೆ ಏಳದಿದ್ದರೆ ಮೊದಲು ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ.

ಮಳೆಗಾಲಕ್ಕೆ ಮುಂಚೆ ಒಂದು ಹಗಲು ತಂದೆಯವರನ್ನು ಸಿಲಿಂಡರಿಗೆ ಹಾಕಿ, ಮೇನ್ ಸ್ವಿಚ್ ಆಫ್ ಮಾಡಿ, ಕಾನ್ಸಂಟ್ರೇಟರನ್ನು ಸುಮ್ಮನೆ ಓಡಿಸಿ. ಇನ್ವರ್ಟರ್ ಕೂಗಿಕೊಳ್ಳುವ ತನಕ ಎಷ್ಟು ಹೊತ್ತಾಯಿತೋ ಅದೇ ನಿಮ್ಮ ಮನೆಯ ನಿಜವಾದ ಲೆಕ್ಕ. ಗೋಡೆಯ ಮೇಲೆ ಬರೆದಿಡಿ.

ಗಾಬರಿಯಲ್ಲಿ ಆಕ್ಸಿಜನ್ ಹೆಚ್ಚಿಸುವುದು ಸಿಒಪಿಡಿಯಲ್ಲಿ ಅಪಾಯ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಹತ್ತುತ್ತದೆ. ಆಕ್ಸಿಮೀಟರಿನಲ್ಲಿ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು. ನಿಮ್ಮ ವೈದ್ಯರು ಬೇರೆ ಅಂಕಿ ಹೇಳಿದ್ದರೆ ಅದೇ ಸರಿ.

ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಕರೆ ಮಾಡುವಾಗ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹೇಳಿ, ಮನೆಯಲ್ಲಿ ಆಕ್ಸಿಜನ್ ಮೇಲಿರುವ ರೋಗಿ ಇದ್ದಾರೆಂದೂ ತಿಳಿಸಿ. ಕೆಆರ್‌ಎಸ್ ಜಲಾಶಯದ ನೀರು ಪೂರ್ಣಮಟ್ಟವಾದ 124.80 ಅಡಿಯ ಹತ್ತಿರ ಬಂದು, ನೀರು ಬಿಡುತ್ತೇವೆಂಬ ಎಚ್ಚರಿಕೆ ಹೊರಬಿದ್ದ ದಿನವೇ, ಬೆಳಕಿರುವಾಗಲೇ ತಂದೆಯವರನ್ನು ಎತ್ತರದ ಕಡೆಯ ನೆಂಟರ ಮನೆಗೆ ಸಾಗಿಸಿ. ಯಂತ್ರ, ಸಿಲಿಂಡರ್, ಆಕ್ಸಿಮೀಟರ್, ಔಷಧಿ ಚೀಟಿ ಎಲ್ಲವೂ ಜೊತೆಗೇ ಹೋಗಬೇಕು.

ಪ್ರಶ್ನೆ: ಅಮ್ಮನಿಗೆ ಡಯಾಲಿಸಿಸ್, ಮೈಸೂರಿಗೆ ಹೋಗಿಬರುತ್ತೇವೆ. 2019ರ ಪ್ರವಾಹದಲ್ಲಿ ಮಲ್ಲನಮೂಲೆ ಬಳಿ ರಸ್ತೆಯೇ ಮುಳುಗಿತ್ತು. ಮತ್ತೆ ಹಾಗಾದರೆ?
(ಓದುಗರು, ನಂಜನಗೂಡು)

ಉತ್ತರ: ಕಪಿಲೆ ಏರುತ್ತಿರುವ ಸುದ್ದಿ ಬಂದ ಕೂಡಲೇ ಸೆಂಟರಿಗೆ ಫೋನ್ ಮಾಡಿ, ಸರದಿಯನ್ನು ಹಿಂದಕ್ಕಲ್ಲ, ಮುಂದಕ್ಕೆ ತರಲು ಕೇಳಿ, ಎಂದರೆ ನಿಗದಿಯಾದ ದಿನಕ್ಕಿಂತ ಮೊದಲೇ ಮಾಡಿಸಿಬಿಡಿ. ಬೇರೆ ಸೆಂಟರಿಗೆ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ವರದಿಗಳನ್ನು. ಅವಿಲ್ಲದೆ ಯಂತ್ರಕ್ಕೆ ಹಾಕಲು ಹಿಂಜರಿಯುತ್ತಾರೆ. ವರದಿಗಳ ಜೊತೆ ಡ್ರೈ ವೇಯ್ಟ್ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ), ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಪ್ರಮಾಣ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಯಾವ ಕೈಯಲ್ಲಿದೆ ಎಂಬುದನ್ನೂ ಬರೆಸಿ ಪ್ಲಾಸ್ಟಿಕ್ ಕವರಿನಲ್ಲಿಡಿ.

ಒಂದು ಸರದಿ ತಪ್ಪಿದರೆ ಆಹಾರವೇ ಕಾಪಾಡಬೇಕು. ನೀರು, ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನೊಳಗೆ. ಎಳನೀರು, ಬಾಳೆಹಣ್ಣು, ಟೊಮ್ಯಾಟೊ, ಸೊಪ್ಪು ಬಿಡಿ. ಉಪ್ಪಿನಕಾಯಿ, ಹಪ್ಪಳವೂ ಬೇಡ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದಂತೂ ವಿಷಕ್ಕೆ ಸಮ. ನಿಶ್ಶಕ್ತಿಯಿಂದ ಕಾಲು ಎತ್ತಲಾಗದಿದ್ದರೆ, ಎದೆಬಡಿತ ತಪ್ಪಿದಂತಾದರೆ, ಮಲಗಿದರೆ ಉಸಿರು ಕಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ. ದಾರಿ ಮುಳುಗಿದ್ದರೆ 1077 (ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ) ಅಥವಾ 112 (ತುರ್ತು ಸೇವೆ).

ಪ್ರಶ್ನೆ: ಫ್ರಿಜ್ ಒಂದಿಡೀ ದಿನ ಆಫ್ ಆದರೆ ಇನ್ಸುಲಿನ್ ಕೆಡುತ್ತದೆಯೇ?
(ಓದುಗರು, ಮಂಡ್ಯ)

ಉತ್ತರ: ಬಳಸುತ್ತಿರುವ ಪೆನ್ ಅಥವಾ ವಯಲ್‌ಗೆ ಫ್ರಿಜ್ ಬೇಕಿಲ್ಲ. ಬಹುತೇಕ ಬಗೆಗಳು 25ರಿಂದ 30 ಡಿಗ್ರಿಯೊಳಗೆ 28 ದಿನ ಬಾಳುತ್ತವೆ. ನಿಮ್ಮದರ ಚೀಟಿ ಒಮ್ಮೆ ಓದಿಕೊಳ್ಳಿ. ತೆರೆಯದವಿದ್ದರೆ ಫ್ರಿಜ್ ಬಾಗಿಲು ಪದೇ ಪದೇ ತೆಗೆಯಬೇಡಿ. ತೀರಾ ತಡವಾದರೆ ಜಿಪ್ ಕವರಿಗೆ ಹಾಕಿ, ತಳದಲ್ಲಿ ಒದ್ದೆ ಮರಳು ತುಂಬಿದ ಮಣ್ಣಿನ ಕುಡಿಕೆಯಲ್ಲಿಡಿ. ಐಸ್‌ಗೆ ನೇರವಾಗಿ ತಾಗಿಸಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಪ್ರಯೋಜನವಿಲ್ಲ.

ಪ್ರಶ್ನೆ: ಹಾಸಿಗೆ ಹಿಡಿದ ಅಜ್ಜಿಗೆ ಹೋಂ ನರ್ಸ್ ಇದ್ದಾರೆ. ಮೂಗಿನ ಟ್ಯೂಬಿನಲ್ಲಿ ಊಟ, ಏರ್ ಬೆಡ್. ನರ್ಸ್ ಬರಲಾಗದ ದಿನ ಏನು ಮಾಡುವುದು?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಮನೆಯ ಇಬ್ಬರು ಈಗಲೇ, ನರ್ಸ್ ಎದುರಿಗೇ, ಕೆಲಸ ಕಲಿಯಿರಿ. ಒಬ್ಬರೇ ಕಲಿತರೆ ಅವರೂ ಊರಲ್ಲಿಲ್ಲದ ದಿನ ಕಷ್ಟ. ಕರೆಂಟ್ ಹೋದರೆ ಏರ್ ಬೆಡ್ ಗಾಳಿ ಇಳಿಯುತ್ತದೆ; ಆಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಊಟ ಕೊಡುವಾಗಲೂ, ನಂತರ ಅರ್ಧ ಗಂಟೆಯೂ ತಲೆ ಎತ್ತರದಲ್ಲಿರಲಿ. ಟ್ಯೂಬ್ ಕಳಚಿ ಬಂದರೆ ನೀವೇ ತೂರಿಸಲು ಹೋಗಬೇಡಿ, ಶ್ವಾಸನಾಳಕ್ಕೆ ಇಳಿದೀತು. ಬಾಯಿಂದಲೂ ಏನೂ ಕೊಡದೆ ಆಸ್ಪತ್ರೆಗೆ ಒಯ್ಯಿರಿ. ನರ್ಸ್ ಕಳಿಸುವ ಸಂಸ್ಥೆಯವರನ್ನು ಈ ವಾರವೇ ಕೇಳಿ: ಬದಲಿಗೆ ಬರುವವರು ಯಾರು, ಅವರ ಮನೆ ಎಲ್ಲಿ, ಬಸ್ಸಿಲ್ಲದಿದ್ದರೂ ಬರುವಷ್ಟು ಹತ್ತಿರವೇ?